ಬ್ರೈಲ್ ಪ್ರಿಂಟರಿನ ಕಾಗದ: ರೀಮಿನ ಲೆಕ್ಕ ಬಿಟ್ಟು ಪುಟದ ಲೆಕ್ಕ

ಬೆರಳಿನಿಂದ ಓದುವ ಉಬ್ಬು ಚುಕ್ಕಿಗಳನ್ನು ಕಾಗದದ ಮೇಲೆ ಹೊಡೆಯುವ ಬ್ರೈಲ್ ಪ್ರಿಂಟರ್ ಮನೆಗೆ ಬಂದ ಹೊಸದರಲ್ಲಿ ಮಾತೆಲ್ಲ ಯಂತ್ರದ್ದೇ. ಎಷ್ಟು ಸದ್ದು ಮಾಡುತ್ತದೆ, ಎಷ್ಟು ವೇಗ, ಕಂಪ್ಯೂಟರಿಗೆ ಹೇಗೆ ಜೋಡಿಸುವುದು. ಕಾಗದದ ಮಾತು ಏಳುವುದು ಜೊತೆಗೆ ಬಂದ ಕಟ್ಟು ಖಾಲಿಯಾದ ಮೇಲೆ. ಯಂತ್ರದ ಖರ್ಚು ಒಂದು ಸಲಕ್ಕೆ ತೀರುತ್ತದೆ, ಕಾಗದದ ಖರ್ಚು ತೀರುವಂಥದ್ದಲ್ಲ. ಆಗ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ‘ಬ್ರೈಲ್ ಪೇಪರ್’ ಎಂದು ಪೆಟ್ಟಿಗೆಯ ಮೇಲೆ ಬರೆದದ್ದನ್ನೇ ತರಿಸಿ, ಬೆಲೆ ನೋಡಿ, ಆಮೇಲೆ ಪ್ರಿಂಟ್ ಮಾಡುವುದನ್ನೇ ಕಡಿಮೆ ಮಾಡುತ್ತಾರೆ. ಇಲ್ಲವೇ ಜೆರಾಕ್ಸಿಗೆ ಬಳಸುವ 75 ಅಥವಾ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬ ಅಳತೆ) ಹಾಳೆಯನ್ನು ತುಂಬಿ, ಎರಡು ದಿನದಲ್ಲಿ ಚುಕ್ಕಿ ಸವೆದುಹೋದಾಗ ಯಂತ್ರವನ್ನು ಬೈಯುತ್ತಾರೆ. ಇಬ್ಬರೂ ಎಡವಿದ್ದು ಒಂದೇ ಕಡೆ. ಅಂಗಡಿಯಲ್ಲಿ ನಿಂತು ರೀಮಿಗೆ (500 ಹಾಳೆಯ ಕಟ್ಟಿಗೆ) ರೀಮು ಹೋಲಿಸಿದ್ದಾರೆ. ಹೋಲಿಸಬೇಕಾದದ್ದು ಬೆರಳಿಗೆ ಸಿಗುವ ಒಂದು ಪುಟಕ್ಕೆ ಎಷ್ಟು ಬಿತ್ತು ಎಂಬುದನ್ನು.

ಆ ಲೆಕ್ಕ ಹೀಗೆ. ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 80 ಜಿಎಸ್‌ಎಂ ಎ4 ಹಾಳೆಯ ತೂಕ 5 ಗ್ರಾಂ, 160 ಜಿಎಸ್‌ಎಂ ಹಾಳೆಯದು 10 ಗ್ರಾಂ. ಒಂದೇ ಜಾತಿಯ ಕಾಗದಕ್ಕೆ ಬೆಲೆ ನಿಲ್ಲುವುದು ಹೆಚ್ಚುಕಡಿಮೆ ತೂಕದ ಮೇಲೆಯೇ. 80 ಜಿಎಸ್‌ಎಂ ಹಾಳೆ ಎರಡೂ ಬದಿಯ ಹೊಡೆತ ತಾಳುವುದಿಲ್ಲ, ಒಂದೇ ಬದಿಗೆ ಪ್ರಿಂಟ್ ಹಾಕಬೇಕು. ಅಂದರೆ ಒಂದು ಪುಟಕ್ಕೆ 5 ಗ್ರಾಂ ಕಾಗದ. 160 ಜಿಎಸ್‌ಎಂ ಹಾಳೆಯ ಎರಡೂ ಬದಿ ಬಳಸಿದರೆ ಒಂದು ಹಾಳೆಗೆ ಎರಡು ಪುಟ, ಪುಟಕ್ಕೆ ಮತ್ತೆ ಅದೇ 5 ಗ್ರಾಂ. ಅಗ್ಗ ಎಂದುಕೊಂಡದ್ದು ಅಗ್ಗವಲ್ಲ, ದುಬಾರಿ ಎಂದುಕೊಂಡದ್ದು ದುಬಾರಿಯಲ್ಲ. ವ್ಯತ್ಯಾಸ ಬರುವುದು ಆಮೇಲೆ. ತೆಳು ಹಾಳೆಯ ಪುಟವನ್ನು ಕೆಲವು ಸಲ ಓದುವಷ್ಟರಲ್ಲಿ ಚುಕ್ಕಿ ಕೂತುಬಿಡುತ್ತದೆ. ದಪ್ಪ ಹಾಳೆಯ ಪುಸ್ತಕ ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದು ಇನ್ನೊಬ್ಬರ ಕೈಗೂ ಹೋಗುತ್ತದೆ.

ಯಂತ್ರ ಒಂದೇ ಬದಿಗೆ ಹೊಡೆಯುವಂಥದ್ದಾದರೆ ಈ ಲೆಕ್ಕ ತಿರುಗುತ್ತದೆ. ಆಗ 160 ಜಿಎಸ್‌ಎಂ ನಿಜಕ್ಕೂ ಎರಡು ಪಟ್ಟು ಖರ್ಚು. ಅಂಥವರಿಗೆ 110ರಿಂದ 130ರ ನಡುವಿನ ಕಾಗದವೇ ಸರಿ ಎಂಬುದು ನನ್ನ ಅಭಿಪ್ರಾಯ. ಒಂದು ಬದಿಯ ಚುಕ್ಕಿಗೆ ಅಷ್ಟು ಮೈ ಸಾಕು. 160ರ ಹಾಳೆಯನ್ನು ಮತ್ತೆ ಮತ್ತೆ ತೆಗೆದು ನೋಡುವ ಕೆಲವಕ್ಕೆ ಮಾತ್ರ ಇಟ್ಟುಕೊಳ್ಳಬಹುದು: ಪಠ್ಯಪುಸ್ತಕ, ಫೋನ್ ನಂಬರುಗಳ ಪಟ್ಟಿ, ಸಂಗೀತದ ಸ್ವರಲಿಪಿ.

ಚುಕ್ಕಿ ನಿಲ್ಲುವುದು ಯಾವುದರ ಬಲದ ಮೇಲೆ

ಒಂದು ಚುಕ್ಕಿಯನ್ನೇ ಹತ್ತಿರದಿಂದ ನೋಡೋಣ. ಅದರ ಎತ್ತರ ಸುಮಾರು ಅರ್ಧ ಮಿಲಿಮೀಟರ್, ಬುಡದ ಅಗಲ ಒಂದೂವರೆ ಮಿಲಿಮೀಟರ್. ಅದು ಎದ್ದು ನಿಂತಿರುವ ಕಾಗದದ ದಪ್ಪವೋ 0.2 ಮಿಲಿಮೀಟರ್ ಆಸುಪಾಸು. ಪಿನ್ನು ಹಿಂದಿನಿಂದ ಗುದ್ದಿ ಕಾಗದವನ್ನು ಎದುರಿನ ಕುಳಿಯೊಳಕ್ಕೆ ತಳ್ಳುತ್ತದೆ. ಅಲ್ಲಿಗೆ ಹೊಸದಾಗಿ ಕಾಗದವೇನೂ ಬರುವುದಿಲ್ಲ, ಇದ್ದದ್ದೇ ಹಿಗ್ಗಬೇಕು. ನಾರುಗಳು ಒಂದರ ಮೇಲೊಂದು ಸ್ವಲ್ಪ ಸರಿದು, ಬಾಗಿ, ಗುಮ್ಮಟದ ಆಕಾರಕ್ಕೆ ಬರುತ್ತವೆ. ಅತಿ ಹೆಚ್ಚು ಹಿಗ್ಗಿ ಅತಿ ತೆಳುವಾಗುವುದು ತುದಿ, ಬೆರಳು ಮುಟ್ಟುವ ಜಾಗವೂ ಅದೇ. ನಾರು ಉದ್ದವಾಗಿದ್ದರೆ ತುದಿಯ ಎರಡೂ ಪಕ್ಕಕ್ಕೆ ಹಾದು ಹಿಡಿದುಕೊಂಡಿರುತ್ತದೆ. ಮತ್ತೆ ಮತ್ತೆ ಅರೆದು ಗಿಡ್ಡವಾದ ನಾರಿನ ಕಾಗದದಲ್ಲಿ ತುದಿ ನಕ್ಷತ್ರದಂತೆ ಬಿರಿಯುತ್ತದೆ. ಬಿರಿದ ಚುಕ್ಕಿ ಮೊದಲ ಓದಿಗೆ ಚೆನ್ನಾಗಿ, ಸ್ವಲ್ಪ ಚೂಪಾಗಿಯೇ ಸಿಗುತ್ತದೆ. ಎರಡನೆಯ ಮೂರನೆಯ ಓದಿಗೆ ಅಂಚು ಒಳಕ್ಕೆ ಮಡಚಿಕೊಂಡು ಚುಕ್ಕಿಯೇ ಕಾಣೆಯಾಗುತ್ತದೆ.

ಇನ್ನೊಂದು ಸಂಗತಿ ದಪ್ಪ. ಜಿಎಸ್‌ಎಂ ಹೇಳುವುದು ತೂಕವನ್ನು, ದಪ್ಪವನ್ನಲ್ಲ. ಕಾರ್ಖಾನೆಯಲ್ಲಿ ಉರುಳೆಗಳ ನಡುವೆ ಒತ್ತಿ ನುಣುಪು ಮಾಡಿದ 160 ಜಿಎಸ್‌ಎಂ ಹಾಳೆ 0.16 ಮಿಲಿಮೀಟರಿಗೆ ಇಳಿದಿರಬಹುದು, ಅಷ್ಟು ಒತ್ತದ ಒರಟು ಹಾಳೆ 0.2ರ ಮೇಲಿರಬಹುದು. ಬಾಗಲು ಒಡ್ಡುವ ತಡೆ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 0.16ರಿಂದ 0.20ಕ್ಕೆ ಹೋದರೆ ಲೆಕ್ಕದ ಪ್ರಕಾರ ಹತ್ತಿರಹತ್ತಿರ ಎರಡು ಪಟ್ಟು. ಒರಟು ಕಾಗದದ ಒಳಗೆ ಗಾಳಿ ಹೆಚ್ಚಿರುವುದರಿಂದ ಅಷ್ಟೂ ಲಾಭ ಕೈಗೆ ಬರುವುದಿಲ್ಲ, ಆದರೂ ಬೆರಳಿಗೆ ಗೊತ್ತಾಗುವಷ್ಟು ಬರುತ್ತದೆ. ಹಾಗಾಗಿ ಒಂದೇ ಜಿಎಸ್‌ಎಂನ ಎರಡು ಕಾಗದ ಒಂದೇ ಬೆಲೆಗೆ ಸಿಕ್ಕರೆ ಒರಟು ಇರುವುದನ್ನೇ, ಕಟ್ಟು ಎತ್ತರ ಇರುವುದನ್ನೇ ಎತ್ತಿಕೊಳ್ಳಿ. ಅಳೆಯಲು ಮೈಕ್ರೋಮೀಟರ್ ಬೇಕಿಲ್ಲ. ನೂರು ಹಾಳೆ ಎಣಿಸಿ, ಮೇಜಿಗೆ ಕುಟ್ಟಿ ಸಮ ಮಾಡಿ, ಮೇಲಿನಿಂದ ಒತ್ತಿ ಹಿಡಿದು ಸ್ಕೇಲಿನಲ್ಲಿ ಅಳೆದರೆ 20 ಮಿಲಿಮೀಟರ್ ಬಂತೆಂದರೆ ಒಂದು ಹಾಳೆ 0.2. ಉಬ್ಬು ಚುಕ್ಕಿಯ ಗುರುತುಗಳಿರುವ ಸ್ಕೇಲಿನಲ್ಲಿ ದೃಷ್ಟಿಯಿಲ್ಲದವರೂ ತಾವೇ ಅಳೆಯಬಹುದು.

ಬೆರಳು ಓದದ ಗುಣಗಳಿಗೆ ದುಡ್ಡು ಯಾಕೆ

ಪ್ರಿಂಟಿಂಗ್ ಕಾಗದದ ಬೆಲೆಯಲ್ಲಿ ಒಂದು ಪಾಲು ಕಣ್ಣಿಗಾಗಿ ಕೊಡುವುದು. ಅಚ್ಚ ಬಿಳುಪು, ಹೊಳಪು, ಶಾಯಿ ಹರಡದಂಥ ಮೇಲ್ಮೈ, ಹಿಂದಿನ ಅಕ್ಷರ ಈಚೆ ಕಾಣದಿರುವುದು. ಬ್ರೈಲ್ ಓದುವ ಬೆರಳಿಗೆ ಇದರಲ್ಲಿ ಯಾವುದೂ ಬೇಡ. ಹಳದಿ, ಬೂದು, ಗುಲಾಬಿ, ಕಾರ್ಖಾನೆಯಲ್ಲಿ ಬಣ್ಣ ಹೊಂದದೆ ಉಳಿದ ಲಾಟು, ಅಂಚು ಮಾಸಿದ ಹಳೆಯ ಸ್ಟಾಕು, ಎಲ್ಲವೂ ನಡೆಯುತ್ತದೆ. ಕಾಗದದ ಸಗಟು ವ್ಯಾಪಾರಿಯಲ್ಲಿ ‘ಬಣ್ಣ ಯಾವುದಾದರೂ ಆಗಲಿ, 150ರಿಂದ 170 ಜಿಎಸ್‌ಎಂ, ಕೋಟಿಂಗ್ ಇರಬಾರದು’ ಎಂದು ಕೇಳುವುದು ಒಳ್ಳೆಯ ಚೌಕಾಸಿ. ಬೇರೆ ಗಿರಾಕಿಗಳು ಬೇಡ ಎಂದು ಬಿಟ್ಟದ್ದನ್ನು ನೀವು ಬೇಕು ಎನ್ನುತ್ತಿದ್ದೀರಿ. ಮನೆಯಲ್ಲಿ ಅಲ್ಪದೃಷ್ಟಿಯವರು ಅದೇ ಹಾಳೆಯ ಮೇಲೆ ದಪ್ಪ ಅಕ್ಷರವನ್ನೂ ಓದುವುದಿದ್ದರೆ ಮಾತ್ರ ಬಣ್ಣದ ಬಗ್ಗೆ ಯೋಚಿಸಿ. ಅವರಿಗೂ ಅಚ್ಚ ಬಿಳಿಗಿಂತ ಕಣ್ಣು ಕುಕ್ಕದ ಕೆನೆಬಣ್ಣ ಒಳ್ಳೆಯದು.

ಈಗ ಹೆಸರು ಹಿಡಿದು ನೋಡೋಣ. ಮ್ಯಾಪ್‌ಲಿಥೋ, ಅಂದರೆ ಕೋಟಿಂಗ್ ಇಲ್ಲದ ಪುಸ್ತಕ ಮುದ್ರಣದ ಕಾಗದ, 120ರ ಮೇಲೆ ಸಿಕ್ಕರೆ ಒಳ್ಳೆಯದು. ಇದು ಹೆಚ್ಚಾಗಿ ತೆಳು ತೂಕಗಳಲ್ಲೇ ಬರುತ್ತದೆ ಎಂಬುದೊಂದೇ ತೊಂದರೆ. ಡ್ರಾಯಿಂಗ್ ಪುಸ್ತಕಗಳಿಗೆ ಹಾಕುವ ಕಾರ್ಟ್ರಿಡ್ಜ್ ಕಾಗದ ನನ್ನ ಮೊದಲ ಆಯ್ಕೆ. ಒರಟು, ಉಬ್ಬು, ತೂಕಕ್ಕೆ ತಕ್ಕ ದಪ್ಪ. ಬಿಡಿ ಡ್ರಾಯಿಂಗ್ ಪುಸ್ತಕ ಕೊಂಡು ಹಾಳೆ ಕೀಳಬೇಡಿ, ಅದು ದುಬಾರಿ. ಅದೇ ಕಾಗದವನ್ನು ದೊಡ್ಡ ಶೀಟಿನಲ್ಲಿ ಕೊಳ್ಳಿ. ಲೆಕ್ಕದ ಪುಸ್ತಕಗಳಿಗೆ ಹಾಕುವ ಲೆಡ್ಜರ್ ಕಾಗದ ಗಟ್ಟಿ ನಾರಿನದು, ಸಿಕ್ಕರೆ ಬಿಡಬೇಡಿ. ಕಂದು ಬಣ್ಣದ ಕ್ರಾಫ್ಟ್ ಕಾಗದದ ನಾರು ಉದ್ದ, ಚುಕ್ಕಿ ಬಿರಿಯುವುದು ಅಪರೂಪ. ಆದರೆ ಸುರುಳಿಯಲ್ಲಿ ಬಂದದ್ದನ್ನು ಕತ್ತರಿಸಿದರೆ ಸುರುಳಿಯ ಬಾಗು ಹೋಗುವುದಿಲ್ಲ, ಯಂತ್ರದ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಟ್ಟಸ ಶೀಟಿನಲ್ಲಿ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ.

ಬೇಡವಾದವು ಆರ್ಟ್ ಪೇಪರ್ ಮತ್ತು ಐವರಿ ಕಾರ್ಡ್. ಮೊದಲನೆಯದರ ಮೇಲಿನ ಸುಣ್ಣ-ಜೇಡಿಯ ಲೇಪ ಹಿಗ್ಗುವುದಿಲ್ಲ, ಒಡೆಯುತ್ತದೆ. ಆ ಪುಡಿ ಯಂತ್ರದೊಳಗೆ ಉದುರುತ್ತದೆ. ನುಣುಪು ಮೈ ರಬ್ಬರ್ ರೋಲರಿಗೆ ಜಾರುತ್ತದೆ. ಬೆವರಿದ ಬೆರಳಿಗಂತೂ ನುಣುಪು ಕಾಗದ ಅಂಟುತ್ತದೆ, ಓದುವ ಕೈ ಸರಾಗವಾಗಿ ಹರಿಯುವುದಿಲ್ಲ. ಐವರಿ ಕಾರ್ಡ್ ಸಾಮಾನ್ಯವಾಗಿ 200 ಜಿಎಸ್‌ಎಂ ದಾಟಿರುತ್ತದೆ. ಅಷ್ಟು ದಪ್ಪಕ್ಕೆ ಪಿನ್ನು ಪೂರ್ತಿ ಒಳಹೋಗದೆ ಚುಕ್ಕಿ ಗಿಡ್ಡವಾಗುತ್ತದೆ, ಪಿನ್ನು ತಳ್ಳುವ ಸೊಲೆನಾಯ್ಡುಗಳೂ (ವಿದ್ಯುತ್ಕಾಂತದ ಸುರುಳಿಗಳು) ಬಿಸಿಯೇರುತ್ತವೆ. ಯಂತ್ರದ ಕೈಪಿಡಿಯಲ್ಲಿ ಕನಿಷ್ಠ-ಗರಿಷ್ಠ ಜಿಎಸ್‌ಎಂ ಬರೆದಿರುತ್ತದೆ. ಗರಿಷ್ಠದ ಅಂಚಿಗೆ ಹೋಗುವುದರಲ್ಲಿ ಏನೂ ಲಾಭವಿಲ್ಲ. ಮರುಬಳಕೆಯ ಕಾಗದ ಒಂದೊಂದು ಲಾಟು ಒಂದೊಂದು ಥರ. ಕೆಲವು ಚೆನ್ನಾಗಿಯೇ ನಡೆಯುತ್ತವೆ, ಆದರೆ ಒಂದು ಲಾಟನ್ನು ಪರೀಕ್ಷೆ ಮಾಡಿ ಮುಂದಿನ ಲಾಟನ್ನು ಕಣ್ಣುಮುಚ್ಚಿ ತರುವಂತಿಲ್ಲ.

ಪೌಂಡಿನ ಗೊಂದಲ, ತಕ್ಕಡಿಯ ಪರಿಹಾರ

ಅಮೆರಿಕದ ಕಂಪನಿಯ ಯಂತ್ರ ತಂದವರಿಗೆ ಕೈಪಿಡಿಯಲ್ಲಿ ‘100 ಪೌಂಡ್ ಕಾಗದ’ ಎಂದು ಸಿಗುತ್ತದೆ. ಇದನ್ನು ಹಿಡಿದುಕೊಂಡು ಅಂಗಡಿಗೆ ಹೋದರೆ ಕೆಟ್ಟಿರಿ. ಅಮೆರಿಕದಲ್ಲಿ ಪೌಂಡಿನ ಲೆಕ್ಕ 500 ಹಾಳೆಯ ತೂಕದ್ದು, ಆದರೆ ಆ ಹಾಳೆಯ ಅಳತೆ ಒಂದೊಂದು ಜಾತಿಯ ಕಾಗದಕ್ಕೆ ಒಂದೊಂದು. 100 ಪೌಂಡ್ ಟ್ಯಾಗ್ ಅಂದರೆ ಸುಮಾರು 163 ಜಿಎಸ್‌ಎಂ, 100 ಪೌಂಡ್ ಟೆಕ್ಸ್ಟ್ ಅಂದರೆ 148, 100 ಪೌಂಡ್ ಕವರ್ ಅಂದರೆ 270. ಮೂರನೆಯದು ಬಹಳಷ್ಟು ಮನೆ ಯಂತ್ರಗಳ ಕೈಮೀರಿದ್ದು. ಇನ್ನೊಂದು ಕಡೆ, ಸಂಖ್ಯೆ ಸಣ್ಣದಾದರೂ 90 ಪೌಂಡ್ ಇಂಡೆಕ್ಸ್ ಎಂಬುದು 163 ಜಿಎಸ್‌ಎಂ, 65 ಪೌಂಡ್ ಕವರ್ 176, 67 ಪೌಂಡ್ ಬ್ರಿಸ್ಟಲ್ 147. ಇವು ಮೂರೂ ಬ್ರೈಲಿಗೆ ಹೊಂದುವ ತೂಕಗಳೇ. 20 ಪೌಂಡ್ ಬಾಂಡ್ ನಮ್ಮ 75 ಜಿಎಸ್‌ಎಂ ಜೆರಾಕ್ಸ್ ಹಾಳೆ, 32 ಪೌಂಡ್ ಬಾಂಡ್ 120.

ಲೇಬಲ್ ಇಲ್ಲದ ಕಾಗದ, ಹರಿದ ಪೊಟ್ಟಣ, ಉಳಿಕೆ ಲಾಟು ಸಿಕ್ಕಾಗ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಹತ್ತು ಎ4 ಹಾಳೆ ತೂಗಿ, ಬಂದ ಗ್ರಾಂ ಅನ್ನು 1.6ರಿಂದ ಗುಣಿಸಿ. 100 ಗ್ರಾಂ ಬಂದರೆ 160 ಜಿಎಸ್‌ಎಂ, 75 ಬಂದರೆ 120. ಮಾತಾಡುವ ತಕ್ಕಡಿ ಇದ್ದರೆ ಯಾರನ್ನೂ ಕರೆಯಬೇಕಿಲ್ಲ. ಮಳೆಗಾಲದಲ್ಲಿ ತೇವ ಹೀರಿದ ಕಾಗದ ತುಸು ಹೆಚ್ಚು ತೂಗುತ್ತದೆ, ಅದನ್ನು ಮನಸ್ಸಿನಲ್ಲಿಟ್ಟರೆ ಆಯಿತು.

ಕಟಿಂಗ್ ಮಷೀನಿನ ಎದುರು

ಎ4 ಅಳತೆಗೆ ಕತ್ತರಿಸಿ ಪೊಟ್ಟಣ ಕಟ್ಟಿದ ದಪ್ಪ ಕಾಗದಕ್ಕೆ ಯಾವಾಗಲೂ ಬೆಲೆ ಜಾಸ್ತಿ. ದೊಡ್ಡ ಶೀಟು ಕೊಂಡು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕತ್ತರಿಸಿಕೊಂಡರೆ ಉಳಿತಾಯ ಹೆಚ್ಚು. ಆದರೆ ಯಾವ ಅಳತೆಯ ಶೀಟು, ಹೇಗೆ ಕತ್ತರಿಸಬೇಕು ಎಂಬುದನ್ನು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಬೇಕು. 640 × 900 ಮಿಲಿಮೀಟರ್ ಶೀಟು ಕೊಟ್ಟರೆ ಪ್ರೆಸ್ಸಿನವರು ವಾಡಿಕೆಯಂತೆ ಅರ್ಧ, ಅರ್ಧದ ಅರ್ಧ ಮಾಡಿ ಎಂಟು ಹಾಳೆ ತೆಗೆದು ಅಂಚು ಹೊಡೆಯುತ್ತಾರೆ. ಮುದ್ರಣದ ಕೆಲಸಕ್ಕೆ ಅಂಚಿನಲ್ಲಿ ಜಾಗ ಬೇಕಲ್ಲ, ಆ ಅಭ್ಯಾಸ. ಖಾಲಿ ಹಾಳೆಗೆ ಅದು ಬೇಕಿಲ್ಲ. 640ರಲ್ಲಿ 210 ಮೂರು ಸಲ ಕೂರುತ್ತದೆ (630), 900ರಲ್ಲಿ 297 ಮೂರು ಸಲ (891). ಒಟ್ಟು ಒಂಬತ್ತು ಹಾಳೆ, ನಾಲ್ಕೂ ಕಡೆ ನಾಲ್ಕೈದು ಮಿಲಿಮೀಟರ್ ಕತ್ತರಿಸಲು ಉಳಿಯುತ್ತದೆ. ‘ಒಂಬತ್ತು ತೆಗೆಯಿರಿ’ ಎಂದು ಬಾಯಿಬಿಟ್ಟು ಹೇಳಬೇಕು, ಅಷ್ಟೇ. ನೂರು ಶೀಟಿಗೆ ನೂರು ಹಾಳೆ ಲಾಭ. 700 × 1000 ಮಿಲಿಮೀಟರ್ ಶೀಟಿನಲ್ಲೂ ಬರುವುದು ಅದೇ ಒಂಬತ್ತು, ಐದನೇ ಒಂದು ಭಾಗ ಕಸ. ಹಾಗಾಗಿ ದೊಡ್ಡ ಶೀಟು ಎಂದು ಮರುಳಾಗಬೇಡಿ.

ನಾರಿನ ದಿಕ್ಕನ್ನೂ ಕೇಳಿ. ಪ್ರೆಸ್ಸಿನವರು ಇದನ್ನು ಗ್ರೇನ್ ಎನ್ನುತ್ತಾರೆ. ಕಾಗದ ತೇವ ಹೀರಿದಾಗ ನಾರಿನ ಅಡ್ಡಕ್ಕೆ ಹಿಗ್ಗುತ್ತದೆ, ನಾರಿನುದ್ದಕ್ಕೆ ಸುರುಳಿಗೊಳ್ಳುತ್ತದೆ. ಪುಸ್ತಕವಾಗಿ ಹೊಲಿಯುವ ಅಥವಾ ಸ್ಪೈರಲ್ ಹಾಕಿಸುವ ಹಾಳೆಯಲ್ಲಿ ನಾರು ಬೆನ್ನಿಗೆ ಸಮಾನಾಂತರ, ಅಂದರೆ 297ರ ಉದ್ದಕ್ಕೆ ಇದ್ದರೆ ಪುಟಗಳು ಮಟ್ಟಸವಾಗಿ ತೆರೆದುಕೊಳ್ಳುತ್ತವೆ. 640 × 900 ಶೀಟಿನಲ್ಲಿ ನಾರು 900ರ ಉದ್ದಕ್ಕೆ ಇದ್ದರೆ ಮೇಲೆ ಹೇಳಿದ ಕತ್ತರಿಕೆಯಲ್ಲಿ ತಾನಾಗಿಯೇ ಹಾಗೆ ಬರುತ್ತದೆ. ತಿಳಿಯುವ ಉಪಾಯ: ಒಂದು ಚೂರನ್ನು ಎರಡೂ ದಿಕ್ಕಿಗೆ ಹರಿದು ನೋಡಿ. ನೇರವಾಗಿ, ಸಲೀಸಾಗಿ ಹರಿಯುವ ದಿಕ್ಕೇ ನಾರಿನ ದಿಕ್ಕು. ಅಡ್ಡ ಹರಿದರೆ ಸೀಳು ಓರೆಯಾಗಿ ಎಲ್ಲೆಲ್ಲೋ ಹೋಗುತ್ತದೆ.

ಕತ್ತರಿಸಿದ ಮೇಲೆ ಎರಡು ವಿಷಯ ಅಲ್ಲೇ ನೋಡಿಕೊಳ್ಳಿ. ಒಂದು, ಮೂಲೆ ಮಟ್ಟ ಇದೆಯೇ. ಎರಡು ಹಾಳೆ ತೆಗೆದು, ಒಂದನ್ನು ಮಗುಚಿ ಇನ್ನೊಂದರ ಮೇಲಿಡಿ. ಅಂಚಿನ ಮೇಲೆ ಬೆರಳಾಡಿಸಿದರೆ ಹೆಚ್ಚುಕಡಿಮೆ ತಕ್ಷಣ ಗೊತ್ತಾಗುತ್ತದೆ. ಓರೆ ಕತ್ತರಿಸಿದ ಹಾಳೆ ಬಿಡಿ ಹಾಳೆ ಎಳೆಯುವ ಯಂತ್ರದಲ್ಲಿ ಓರೆಯಾಗೇ ಹೋಗಿ, ಸಾಲು ಒಂದು ಬದಿಗೆ ಇಳಿಯುತ್ತದೆ. ಎರಡು, ಕತ್ತಿ ಮೊಂಡಾಗಿದ್ದರೆ ಅಂಚುಗಳು ಒಂದಕ್ಕೊಂದು ಹಿಸುಕಿ ಅಂಟಿಕೊಂಡಿರುತ್ತವೆ. ಇಂಥ ಕಟ್ಟು ತುಂಬಿದರೆ ಎರಡೆರಡು ಹಾಳೆ ಒಟ್ಟಿಗೆ ಹೋಗುತ್ತವೆ. ತುಂಬುವ ಮೊದಲು ಹಾಳೆಗಳನ್ನು ನಾಲ್ಕೂ ಅಂಚಿಗೆ ಬೀಸಣಿಗೆಯಂತೆ ಬಿಡಿಸುವುದು ಅಭ್ಯಾಸವಾಗಲಿ.

ಉದ್ದ ಪಟ್ಟಿಯ ಕಾಗದ

ಪಕ್ಕದಲ್ಲಿ ತೂತು ಇರುವ, ಮಡಿಕೆ ಮಡಿಕೆಯಾಗಿ ಬರುವ ಕಂಟಿನ್ಯುಯಸ್ ಕಾಗದದ ಯಂತ್ರ ಇರುವವರ ಕಷ್ಟ ಬೇರೆ. ಬಿಲ್ಲು ಹೊಡೆಯಲು ಸಿಗುವ ಅದೇ ರೂಪದ ಕಾಗದ ಹೆಚ್ಚಾಗಿ 60ರಿಂದ 80 ಜಿಎಸ್‌ಎಂ. ತೂತಿನ ಅಂತರ ಅರ್ಧ ಇಂಚು, ಅದು ಎರಡಕ್ಕೂ ಒಂದೇ. ಹಾಗಾಗಿ ಯಂತ್ರದಲ್ಲಿ ಕೂರುತ್ತದೆ, ಓಡುತ್ತದೆ, ಆದರೆ ಚುಕ್ಕಿಗೆ ಬಲವಿರುವುದಿಲ್ಲ. ದಪ್ಪ ಕಂಟಿನ್ಯುಯಸ್ ಕಾಗದವನ್ನು ಬಿಡಿಯಾಗಿ ಕೊಂಡರೆ ದುಬಾರಿಯೇ. ಇಂಥ ಯಂತ್ರ ಇರುವ ನಾಲ್ಕಾರು ಮನೆಯವರೋ ಶಾಲೆಯವರೋ ಸೇರಿ ತಯಾರಕರಿಂದ ಒಟ್ಟಿಗೆ ಮಾಡಿಸಿಕೊಳ್ಳುವುದೊಂದೇ ನಿಜವಾದ ಅಗ್ಗದ ದಾರಿ. ಮಾಡಿಸುವಾಗ ಹರಿಯುವ ಗೆರೆಯ ತೂತುಗಳು ಸಣ್ಣವಾಗಿ ಒತ್ತೊತ್ತಾಗಿರಲಿ ಎಂದು ಹೇಳಿ. ಬಿಡಿಬಿಡಿಯಾದ ದೊಡ್ಡ ತೂತಿದ್ದರೆ ಹರಿದ ಅಂಚು ಗರಗಸದಂತಾಗಿ ಓದುವ ಕೈಗೆ ಚುಚ್ಚುತ್ತದೆ.

ಇದರಲ್ಲಿ ಪದೇ ಪದೇ ಆಗುವ ಎಡವಟ್ಟೊಂದಿದೆ. ಸಾಫ್ಟ್‌ವೇರಿನಲ್ಲಿ ಕಾಗದ ಎ4 ಎಂದು ಇಟ್ಟಿರುತ್ತಾರೆ, ಯಂತ್ರದಲ್ಲಿರುವುದು 12 ಇಂಚಿನ ಮಡಿಕೆ. ಎ4 ಉದ್ದ 297 ಮಿಲಿಮೀಟರ್, 12 ಇಂಚು ಅಂದರೆ 304.8. ಪ್ರತಿ ಪುಟಕ್ಕೂ 7.8 ಮಿಲಿಮೀಟರ್ ವ್ಯತ್ಯಾಸ. ಬ್ರೈಲ್ ಸಾಲಿನಿಂದ ಸಾಲಿಗೆ ಇರುವುದೇ 10 ಮಿಲಿಮೀಟರ್. ಮೊದಲ ಪುಟ ಸರಿ, ಎರಡನೆಯದು ಮುಕ್ಕಾಲು ಸಾಲು ಮೇಲೆ, ಇನ್ನು ಕೆಲವೇ ಪುಟಕ್ಕೆ ಮೊದಲ ಸಾಲು ಹರಿಯುವ ಗೆರೆಯ ಮೇಲೇ ಬಿದ್ದಿರುತ್ತದೆ. ಅಲ್ಲಿ ಪಿನ್ನು ಹೊಡೆದರೆ ಕಾಗದ ಅಲ್ಲೇ ಬಿಚ್ಚಿಕೊಂಡು ಒಳಗೆ ಮುದ್ದೆಯಾಗುತ್ತದೆ. ಕಾಗದ ಸರಿಯಿಲ್ಲ ಎಂದು ಬೈಯುವ ಮೊದಲು ಪುಟದ ಉದ್ದ ಯಂತ್ರದಲ್ಲೂ ಸಾಫ್ಟ್‌ವೇರಿನಲ್ಲೂ ಒಂದೇ ಇದೆಯೇ ನೋಡಿ.

ಇಪ್ಪತ್ತು ಹಾಳೆಯ ಪರೀಕ್ಷೆ

ಯಾವ ಕಾಗದವನ್ನೂ ಇಪ್ಪತ್ತು ಹಾಳೆ ತಂದು ನೋಡದೆ ರೀಮುಗಟ್ಟಲೆ ತರಬೇಡಿ. ಪರೀಕ್ಷೆಯ ಪುಟದಲ್ಲಿ ಮೂರು ಬಗೆ ಇರಲಿ: ಆರೂ ಚುಕ್ಕಿ ತುಂಬಿದ ಸೆಲ್ಲುಗಳ (ಸೆಲ್ಲು ಅಂದರೆ ಆರು ಚುಕ್ಕಿ ಹಿಡಿಯುವ ಒಂದು ಬ್ರೈಲ್ ಗುರುತಿನ ಜಾಗ) ಕೆಲವು ಸಾಲು, ಒಂಟಿ ಚುಕ್ಕಿಗಳ ಕೆಲವು ಸಾಲು, ಉಳಿದದ್ದು ಮಾಮೂಲಿ ಪಠ್ಯ. ತುಂಬಿದ ಸೆಲ್ಲಿನಲ್ಲಿ ಆರು ಪಿನ್ನುಗಳು ಎರಡೂವರೆ ಮಿಲಿಮೀಟರ್ ಅಂತರದಲ್ಲಿ ಕಾಗದವನ್ನು ಆರು ಕಡೆಗೆ ಜಗ್ಗುತ್ತವೆ, ದುರ್ಬಲ ನಾರು ಅಲ್ಲಿ ಬಿರಿಯುತ್ತದೆ. ಒಂಟಿ ಚುಕ್ಕಿಯ ಸಾಲು ಎತ್ತರ ಒಂದೇ ಸಮ ಇದೆಯೇ ಎಂಬುದನ್ನು ಹೇಳುತ್ತದೆ. ಎರಡು ಬದಿ ಹೊಡೆಯುವ ಯಂತ್ರವಾದರೆ ಹಿಂಬದಿಗೂ ತುಂಬಿದ ಸೆಲ್ಲುಗಳನ್ನೇ ಹಾಕಿ. ಎರಡೂ ಬದಿಯ ಚುಕ್ಕಿಗಳು ಒಂದರ ನಡುವೆ ಒಂದು ಓರೆಯಾಗಿ ಕೂರುತ್ತವೆ. ಕಾಗದ ತೆಳುವಾಗಿದ್ದರೆ ಈಚಿನ ಚುಕ್ಕಿ ಎದ್ದಾಗ ಪಕ್ಕದ ಆಚಿನ ಚುಕ್ಕಿ ಕುಸಿಯುತ್ತದೆ. ಅದು ಗೊತ್ತಾಗುವುದು ಇಲ್ಲೇ.

ಹೊಡೆತದ ಬಲವನ್ನು ಬದಲಿಸುವ ಸೌಲಭ್ಯ ಬಹಳಷ್ಟು ಯಂತ್ರಗಳಲ್ಲಿದೆ. ಕನಿಷ್ಠದಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಏರಿಸಿ. ತುದಿಗಳು ಚೂಪಾಗಿ ತಾಕಲು ಶುರುವಾದವು ಅಂದರೆ ಬಿರಿಯುತ್ತಿವೆ ಎಂದರ್ಥ, ಒಂದು ಮೆಟ್ಟಿಲು ಇಳಿಸಿ ಅಲ್ಲಿಗೆ ನಿಲ್ಲಿಸಿ. ಬೆರಳಿಗೆ ಅನುಮಾನ ಬಂದರೆ ತುಟಿಗೆ ಮುಟ್ಟಿಸಿ ನೋಡಿ, ಅಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕಣ್ಣಿರುವವರು ಬೆಳಕಿಗೆ ಹಿಡಿದರೆ ಸೂಜಿಮೊನೆಯಂಥ ಬೆಳಕಿನ ಚುಕ್ಕಿಗಳು ಕಾಣುತ್ತವೆ. ಆದರೆ ಕೊನೆಯ ಮಾತು ಓದುವ ಬೆರಳಿನದ್ದೇ ಆಗಿರಲಿ. ನೋಡಲು ಚಂದ ಕಾಣುವ ಹಾಳೆಯನ್ನು ಕಣ್ಣಿರುವವರು ಆರಿಸಿ ತಂದು, ಓದುವವರಿಗೆ ಅದು ಒಗ್ಗದೆ ಹೋಗುವುದು ತೀರಾ ಮಾಮೂಲು.

ಬಾಳಿಕೆ ತಿಳಿಯಲು ಒಂದೇ ಸಾಲನ್ನು ಐವತ್ತು ಸಲ ಓದುವ ಒತ್ತಡದಲ್ಲೇ ಸವರಿ, ಮುಟ್ಟದ ಸಾಲಿನ ಜೊತೆ ಹೋಲಿಸಿ. ಇನ್ನೊಂದು ಹಾಳೆಯನ್ನು ಭಾರದ ಪುಸ್ತಕಗಳ ಕೆಳಗೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಚುಕ್ಕಿ ಸ್ವಲ್ಪ ಇಳಿದಿರುವುದು ಸಹಜ, ಓದಲು ತಡವರಿಸುವಷ್ಟು ಇಳಿದಿದ್ದರೆ ಆ ಕಾಗದ ಟಿಪ್ಪಣಿಗೆ ಸಾಕು, ಪುಸ್ತಕಕ್ಕೆ ಬೇಡ. ಪಾಸಾದ ಹಾಳೆಯ ಮೇಲೇ ಬ್ರೈಲಿನಲ್ಲಿ ಕಾಗದದ ಹೆಸರು, ಜಿಎಸ್‌ಎಂ, ಹೊಡೆತದ ಮಟ್ಟ ಬರೆದು ಇಟ್ಟುಕೊಳ್ಳಿ. ಮುಂದಿನ ಸಲ ಅಂಗಡಿಗೆ ಅದನ್ನೇ ಒಯ್ಯಬಹುದು.

ತಪ್ಪು ಯಾರದ್ದು, ಕಾಗದದ್ದೋ ಯಂತ್ರದ್ದೋ

ಚುಕ್ಕಿ ಕೆಟ್ಟಾಗ ಅದು ಕೆಟ್ಟ ರೀತಿಯೇ ಕಾರಣ ಹೇಳುತ್ತದೆ. ಪ್ರತಿ ಪುಟದಲ್ಲೂ ಅದೇ ಜಾಗದ ಚುಕ್ಕಿ ಮಂಕಾಗಿದ್ದರೆ ಕಾಗದವನ್ನು ಬಿಟ್ಟುಬಿಡಿ. ಆ ಪಿನ್ನು ಸವೆದಿದೆ ಅಥವಾ ಅದರ ಎದುರಿನ ಕುಳಿಯಲ್ಲಿ ಕಾಗದದ ಧೂಳು ತುಂಬಿದೆ. ಎಡದಿಂದ ಬಲಕ್ಕೆ ಹೋದಂತೆ ಎತ್ತರ ಕ್ರಮೇಣ ಕಡಿಮೆಯಾದರೆ ಹೊಡೆಯುವ ತಲೆಗೂ ಎದುರಿನ ಪಟ್ಟಿಗೂ ಇರುವ ಅಂತರ ಎರಡು ಕೊನೆಗಳಲ್ಲಿ ಬೇರೆಯಾಗಿದೆ, ರಿಪೇರಿಯವರ ಕೆಲಸ. ಎಲ್ಲೆಂದರಲ್ಲಿ, ಲೆಕ್ಕವಿಲ್ಲದೆ ಬಿರಿದಿದ್ದರೆ ನಾರು ಸರಿಯಿಲ್ಲ ಅಥವಾ ಕಾಗದ ತೀರಾ ಒಣಗಿದೆ. ಪೂರ್ತಿ ಪುಟ ಮೆತ್ತಗೆ, ಚುಕ್ಕಿ ಮೊಂಡು ಮೊಂಡು ಅನ್ನಿಸಿದರೆ ತೇವ. ಸಾಲುಗಳು ಕೆಳಕ್ಕೆ ಹೋದಂತೆ ಒತ್ತೊತ್ತಾದರೆ ರೋಲರ್ ಜಾರುತ್ತಿದೆ. ನೂಲು ಬಿಡದ ಬಟ್ಟೆಯನ್ನು ತುಸು ಒದ್ದೆ ಮಾಡಿ ರೋಲರ್ ಒರೆಸಿ, ಒಣಗಿದ ಮೇಲೆ ಮತ್ತೆ ನೋಡಿ. ಅಗ್ಗದ ಕಾಗದದ ಬೆಲೆಯಲ್ಲಿ ಕಾಣದ ಖರ್ಚು ಈ ಧೂಳೇ. ಕಟ್ಟಿನ ಅಂಚಿಗೆ ಕಪ್ಪು ಬಟ್ಟೆ ಒರೆಸಿದಾಗ ಬಿಳಿ ಪುಡಿ ಎದ್ದು ಬಂದರೆ ಅದು ನಾಳೆ ಕುಳಿಗಳಲ್ಲಿ ಕೂರುವ ಪುಡಿ.

ತೇವದ ವಿಷಯದಲ್ಲಿ ಕಾಗದ ಬಯಸುವುದು ಸುಮಾರು 45ರಿಂದ 55 ಪ್ರತಿಶತ ಆರ್ದ್ರತೆ. ಅಷ್ಟು ಕರಾರುವಾಕ್ಕಾಗಿ ಮನೆಯಲ್ಲಿ ಇಡಲಾಗದು, ಇಡಬೇಕಾಗಿಯೂ ಇಲ್ಲ. ಹೊಸ ಕಟ್ಟನ್ನು ಬಿಚ್ಚದೆ ಯಂತ್ರ ಇರುವ ಕೋಣೆಯಲ್ಲೇ ಒಂದೆರಡು ದಿನ ಬಿಡಿ. ಬಿಚ್ಚಿದ ಮೇಲೆ ಬೇಕಾದಷ್ಟು ತೆಗೆದು ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಟ್ಟಸವಾಗಿ ಮಲಗಿಸಿ. ನಿಲ್ಲಿಸಿದರೆ ಬಾಗುತ್ತದೆ. ನೆಲಕ್ಕೂ ಗೋಡೆಗೂ ತಾಗದಿರಲಿ. ಹಾಳೆಯ ಅಂಚು ಅಲೆಅಲೆಯಾಗಿದ್ದರೆ ಅಂಚು ಮಾತ್ರ ತೇವ ಹೀರಿದೆ. ಹಾಗೇ ತುಂಬಿದರೆ ಸಿಕ್ಕಿಕೊಳ್ಳುತ್ತದೆ, ಭಾರ ಇಟ್ಟು ಒಂದು ದಿನ ಕಾಯಬೇಕು. ಏಸಿ ಕೋಣೆಯಲ್ಲಿ ಇದಕ್ಕೆ ಉಲ್ಟಾ: ಕಾಗದ ಗರಿಗರಿಯಾಗಿ, ಸ್ಥಿರವಿದ್ಯುತ್ತಿನಿಂದ ಹಾಳೆಗೆ ಹಾಳೆ ಅಂಟುತ್ತದೆ.

ಕಾಗದ ಬಳಸದೆ ಉಳಿಸುವುದು

ಎ4 ಹಾಳೆಯಲ್ಲಿ ಬೈಂಡಿಂಗಿಗೆ 25 ಮಿಲಿಮೀಟರ್, ಇನ್ನೊಂದು ಬದಿಗೆ 10 ಬಿಟ್ಟರೆ ಉಳಿಯುವುದು 175. ಸೆಲ್ಲಿಗೆ 6 ಮಿಲಿಮೀಟರಿನಂತೆ ಸಾಲಿಗೆ 29 ಸೆಲ್ಲು. ಮೇಲೆ ಕೆಳಗೆ ಸೇರಿ 25ರಷ್ಟು ಬಿಟ್ಟರೆ 27 ಸಾಲು. ಪುಟಕ್ಕೆ 780 ಸೆಲ್ಲು ಸುಮಾರು, ಅದರಲ್ಲಿ ಖಾಲಿ ಜಾಗವೂ ಸೇರಿತು. ಕನ್ನಡಕ್ಕೆ ಇದು ಬೇಗ ತುಂಬುತ್ತದೆ. ‘ಅಕ್ಕ’ ಎಂದು ಅಚ್ಚಿನಲ್ಲಿ ಎರಡು ಅಕ್ಷರ, ಬ್ರೈಲಿನಲ್ಲಿ ನಾಲ್ಕು ಸೆಲ್ಲು. ಹಾಗಾಗಿ ಪುಟದ ಸಂಖ್ಯೆಗೆ ಒಂದು ಇಡೀ ಸಾಲು ಮೀಸಲಿಡುವ ಬದಲು ಪಠ್ಯದ ಕೊನೆಯ ಸಾಲಿನ ತುದಿಯಲ್ಲೇ ಅದನ್ನು ಕೂರಿಸಿ. 27ರಲ್ಲಿ ಒಂದು ಸಾಲು ಉಳಿಯಿತು, ನೂರು ಪುಟಕ್ಕೆ ಮೂರೂವರೆ ಪುಟವಾಯಿತು. ಪ್ಯಾರಾಗಳ ನಡುವೆ ಖಾಲಿ ಸಾಲು ಬೇಡ, ಎರಡು ಸೆಲ್ಲು ಒಳಕ್ಕೆ ಸರಿಸಿದರೆ ಬೆರಳಿಗೆ ಗೊತ್ತಾಗುತ್ತದೆ. ವೆಬ್‌ಪುಟದಿಂದ ತೆಗೆದ ಬರಹವನ್ನು ಹಾಗೆಯೇ ಕಳಿಸಬೇಡಿ, ಸಾಲು ಸಾಲು ಖಾಲಿ ಜಾಗ, ಮೆನು, ಕೊಂಡಿಗಳೇ ಕಾಲು ಭಾಗ ತಿನ್ನುತ್ತವೆ. ಇಂಗ್ಲಿಷ್ ಪಠ್ಯಕ್ಕೆ, ಓದುವವರಿಗೆ ಗೊತ್ತಿದ್ದರೆ, ಗ್ರೇಡ್ 2, ಅಂದರೆ ಪದಗಳನ್ನು ಮೊಟಕುಗೊಳಿಸಿ ಬರೆಯುವ ಬ್ರೈಲ್, ಬಳಸಿ. ಐದನೇ ಒಂದು ಭಾಗಕ್ಕೂ ಹೆಚ್ಚು ಕಾಗದ ಅಲ್ಲೇ ಉಳಿಯುತ್ತದೆ.

ಒಂದು ಬದಿ ಅಚ್ಚಾದ ಆಫೀಸಿನ ರದ್ದಿ ಕಾಗದದ ಬಗ್ಗೆಯೂ ಹೇಳಬೇಕು, ಏಕೆಂದರೆ ಎಲ್ಲರೂ ಮೊದಲು ಯೋಚಿಸುವುದೇ ಅದನ್ನು. ಒಂದೇ ಸಲ ಓದಿ ಬಿಸಾಡುವ ಕರಡಿಗೆ, ಕಡಿಮೆ ಹೊಡೆತದಲ್ಲಿ, ಒಂದೇ ಬದಿಗೆ, ಅದು ಆಗಬಹುದು. ಮಡಿಕೆ ಬಿದ್ದ ಹಾಳೆ ಬೇಡ, ಮಡಿಕೆಯ ಗೆರೆ ಬೆರಳಿಗೆ ಚುಕ್ಕಿಗಳ ಸಾಲಿನಂತೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಸ್ಟೇಪ್ಲರ್ ಪಿನ್ನು. ಒಂದೇ ಒಂದು ಉಳಿದಿದ್ದರೂ ಅದರ ಮೇಲೆ ಬಿದ್ದ ಹೊಡೆತಕ್ಕೆ ಯಂತ್ರದ ಪಿನ್ನು ಬಾಗುತ್ತದೆ, ಆ ರಿಪೇರಿಯ ದುಡ್ಡಿಗೆ ಒಳ್ಳೆಯ ಕಾಗದವೇ ಎಷ್ಟೋ ರೀಮು ಬರುತ್ತಿತ್ತು. ಸ್ಲೇಟು-ಸ್ಟೈಲಸ್ (ಕೈಯಿಂದಲೇ ಚುಕ್ಕಿ ಒತ್ತುವ ಪಟ್ಟಿ ಮತ್ತು ಮೊನೆ) ಬಳಸುವವರು ಇದ್ದರೆ ರದ್ದಿಯನ್ನು ಅವರಿಗೆ ಕೊಡಿ. ಹಳೆಯ ಕ್ಯಾಲೆಂಡರ್ ಹಾಳೆ, ಪತ್ರಿಕೆಯ ರಕ್ಷಾಪುಟ, ಪ್ರೆಸ್ಸಿನಲ್ಲಿ ಉಳಿದ ಪಟ್ಟಿಗಳು ಅವರ ಕೈಯಲ್ಲಿ ಡಬ್ಬಿಗಳ ಲೇಬಲ್ಲು, ಸಾಮಾನಿನ ಪಟ್ಟಿ ಆಗುತ್ತವೆ. ಕೈಯ ಒತ್ತಡವನ್ನು ಕಾಗದಕ್ಕೆ ತಕ್ಕಂತೆ ಚುಕ್ಕಿಯಿಂದ ಚುಕ್ಕಿಗೆ ಬದಲಿಸಬಹುದು, ಯಂತ್ರಕ್ಕೆ ಅದು ಬರುವುದಿಲ್ಲ.